ಹೊಲಿಗೆ ಒಂದು ದಿನ, ಬೆಳವಣಿಗೆ ಹದಿನೆಂಟು ವರ್ಷ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ 1988ನೇ ಸಾಲಿನ ವಿದ್ಯಾರ್ಥಿ; ಹಲ್ಲು ಮತ್ತು ದವಡೆಗಳ ಸಾಲು ಸರಿಪಡಿಸುವ ದಂತವೈದ್ಯರು. – ಸಂಪಾದಕರು)



ಸಮಿತಿಯವರು ಫೋನ್ ಮಾಡಿ, "ಹಲ್ಲಿನ ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿ" ಎಂದು ಕೇಳಿದ್ದರು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಹಲ್ಲುಜ್ಜಿ ಎಂದು ಹೇಳಲು ಅರ್ಧ ಗಂಟೆ ಬೇಕಾಗಿಲ್ಲ. ಅದನ್ನು ಮಾಡಿಬಿಡಿ. ಉಳಿದ ಸಮಯದಲ್ಲಿ ಈ ಶಾಲೆಗೆ ನಾನು ಬಹಳ ವರ್ಷಗಳಿಂದ ಹೇಳಬೇಕೆಂದಿದ್ದ ಒಂದು ವಿಷಯ ಹೇಳುತ್ತೇನೆ. ಅದು ನಮ್ಮ ತರಗತಿಯ ಕೊನೆಯ ಬೆಂಚಿನಿಂದ ಶುರುವಾಗುತ್ತದೆ.

ಎಂಟನೇ ತರಗತಿಯಲ್ಲಿ ನಮ್ಮ ಜೊತೆ ಒಬ್ಬ ಹುಡುಗನಿದ್ದ. ಹುಟ್ಟುವಾಗಲೇ ಅವನ ಮೇಲ್ತುಟಿ ಒಂದು ಕಡೆ ಸೀಳಿತ್ತು. ಸೀಳು ಒಸಡನ್ನು ದಾಟಿ ಅಂಗುಳದ ಕೊನೆಯವರೆಗೂ ಹೋಗಿತ್ತು. ಹತ್ತನೇ ವಯಸ್ಸಿನಲ್ಲಿ ಜಿಲ್ಲಾ ಕೇಂದ್ರದ ಒಂದು ಶಿಬಿರದಲ್ಲಿ ತುಟಿ ಹೊಲಿದಿದ್ದರು. ಅಂಗುಳ ಹಾಗೆಯೇ ಉಳಿಯಿತು. ನಲ್ಲಿಯ ಹತ್ತಿರ ನೀರು ಕುಡಿಯುವಾಗ ಅವನು ನಮ್ಮ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಕುಡಿದ ನೀರು ಮೂಗಿನಿಂದ ಬರುತ್ತಿತ್ತು, ಅದಕ್ಕೆ.

ಕನ್ನಡ ಮೇಷ್ಟ್ರು ಪಾಠವನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಒಂದು ದಿನ ಅವನ ಸರದಿ ಬಂತು. ಪುಸ್ತಕದಲ್ಲಿ "ದಾರಿ" ಎಂದಿತ್ತು. ಅವನ ಬಾಯಲ್ಲಿ "ನಾರಿ" ಎಂದು ಬಂತು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ನಮ್ಮನ್ನು ಗದರಿಸಿ ಸುಮ್ಮನಾಗಿಸಿದರು. ಮಾರನೆಯ ದಿನದಿಂದ ಅವನ ಸರದಿ ಬಂದಾಗ, ಅವನಿಗೆ ನೋವಾಗಬಾರದೆಂದು, ಅವನನ್ನು ಬಿಟ್ಟು ಪಕ್ಕದವನಿಗೆ "ನೀನು ಓದು" ಎಂದರು. ಆಮೇಲೆ ಯಾವ ಮೇಷ್ಟ್ರೂ ಅವನನ್ನು ಏನೂ ಕೇಳಲಿಲ್ಲ. ಒಂಬತ್ತನೇ ತರಗತಿಯಲ್ಲಿ ದೀಪಾವಳಿ ರಜೆಗೆ ಹೋದವನು ಶಾಲೆಗೆ ಮರಳಲಿಲ್ಲ.

ನಾವು ಅವನನ್ನು ದಡ್ಡ ಎಂದುಕೊಂಡಿದ್ದೆವು. ಅವನಿಗೆ "ದ" ಯಾಕೆ ಬರಲಿಲ್ಲ ಎಂಬುದು ನನಗೆ ಅರ್ಥವಾಗಿದ್ದು ದಂತವೈದ್ಯಕೀಯ ಓದುವಾಗ. ಅದನ್ನು ಮೊದಲು ಹೇಳುತ್ತೇನೆ. ಮಕ್ಕಳೂ ನನ್ನ ಜೊತೆ ಮಾಡಿ ನೋಡಿ.

ವರ್ಗೀಯ ವ್ಯಂಜನಗಳನ್ನು ನೆನಪಿಸಿಕೊಳ್ಳಿ. ಪ, ಫ, ಬ, ಭ, ಮ. ತ, ಥ, ದ, ಧ, ನ. ಪ್ರತಿ ಸಾಲಿನಲ್ಲಿ ಮೊದಲ ನಾಲ್ಕು ಅಕ್ಷರ ಹೇಳಬೇಕಾದರೆ ಗಾಳಿಯನ್ನು ಬಾಯೊಳಗೆ ಕಟ್ಟಿ ಹಿಡಿದು ಬಿಡಬೇಕು. ಐದನೆಯದು ಅನುನಾಸಿಕ, ಗಾಳಿ ಮೂಗಿನಿಂದ ಹೋಗುತ್ತದೆ. ಈಗ ಮೂಗು ಮುಚ್ಚಿಕೊಂಡು "ಬಾ ಬಾ" ಎನ್ನಿ. ಬರುತ್ತದೆ. "ಮಾ ಮಾ" ಎನ್ನಿ. ಸರಿಯಾಗಿ ಬರುವುದಿಲ್ಲ. ಅಂಗುಳದ ಹಿಂಭಾಗ ಮೆತ್ತಗಿರುತ್ತದೆ. ಅದರ ತುದಿಯಲ್ಲೇ ಕಿರುನಾಲಿಗೆ ಇರುವುದು. ನಾವು "ಬ" ಅಥವಾ "ದ" ಎನ್ನುವಾಗ ಈ ಮೆತ್ತನೆಯ ಭಾಗ ಮೇಲೆದ್ದು, ಮೂಗಿಗೆ ಹೋಗುವ ದಾರಿಯನ್ನು ಬಾಗಿಲಿನಂತೆ ಮುಚ್ಚುತ್ತದೆ. ಅಂಗುಳ ಸೀಳಿದ್ದರೆ ಆ ಬಾಗಿಲೇ ಇಲ್ಲ. ಗಾಳಿ ಮೂಗಿಗೆ ನುಗ್ಗುತ್ತದೆ. "ಬ" ಹೇಳಲು ಹೋದರೆ "ಮ" ಆಗುತ್ತದೆ, "ದ" ಹೇಳಲು ಹೋದರೆ "ನ" ಆಗುತ್ತದೆ. ನನ್ನ ಗೆಳೆಯ ಪುಸ್ತಕದಲ್ಲಿದ್ದುದನ್ನು ಸರಿಯಾಗಿಯೇ ಓದಿದ್ದ. ಅವನ ಬಾಯಿಗೆ ಬಾಗಿಲಿರಲಿಲ್ಲ, ಅಷ್ಟೇ.

ಇಂಥ ಮಕ್ಕಳು ಅಪರೂಪವೇನಲ್ಲ. ಪ್ರಪಂಚದ ಲೆಕ್ಕದಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗು ಸೀಳುತುಟಿ ಅಥವಾ ಸೀಳು ಅಂಗುಳದೊಂದಿಗೆ ಹುಟ್ಟುತ್ತದೆ. ಕೆಲವರಿಗೆ ತುಟಿ ಮಾತ್ರ, ಕೆಲವರಿಗೆ ಅಂಗುಳ ಮಾತ್ರ, ಕೆಲವರಿಗೆ ಎರಡೂ.

ನಮ್ಮ ಕಡೆ ಇದಕ್ಕೆ ಗ್ರಹಣ ಕಾರಣ ಎನ್ನುತ್ತಾರೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಟ್ಟಿದಳು, ತರಕಾರಿ ಹೆಚ್ಚಿದಳು, ಅದಕ್ಕೆ ಮಗುವಿನ ತುಟಿ ಸೀಳಿತು ಎಂದು. ಈ ಮಾತು ಎಷ್ಟು ಮನೆಗಳಲ್ಲಿ ಸೊಸೆಯ ಮೇಲೆ ಬಿದ್ದಿದೆಯೋ! ನಿಜ ಸಂಗತಿ ಹೀಗಿದೆ: ಗರ್ಭದಲ್ಲಿ ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಹಣೆಯ ಕಡೆಯಿಂದ ಮತ್ತು ಎಡಬಲದಿಂದ ಬೆಳೆದು ಬರುವ ಭಾಗಗಳು ಒಂದಕ್ಕೊಂದು ಕೂಡಿ ಮುಖವಾಗುತ್ತದೆ. ಮೇಲ್ತುಟಿ ಕೂಡಿಕೊಳ್ಳುವುದು ಸುಮಾರು 4ರಿಂದ 7ನೇ ವಾರದೊಳಗೆ. ಅಂಗುಳದ ಎರಡು ಹಲಗೆಗಳು ಮೊದಲು ನಾಲಿಗೆಯ ಅಕ್ಕಪಕ್ಕದಲ್ಲಿ ಇಳಿಬಿದ್ದಿರುತ್ತವೆ. ಆಮೇಲೆ ಮೇಲೆದ್ದು ನಡುವೆ ಬಂದು ಸೇರುತ್ತವೆ. 12ನೇ ವಾರದ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಎಲ್ಲೋ ಒಂದು ಕಡೆ ಕೂಡದೆ ಉಳಿದರೆ ಅದೇ ಸೀಳು. ಹಾಗಾಗಿ ಇದು ಯಾರೋ ಕತ್ತರಿಸಿದ್ದಲ್ಲ, ಕೂಡದೆ ಉಳಿದದ್ದು. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ತುಟಿಯ ಕೆಲಸ ಆಗಿಹೋಗಿರುತ್ತದೆ.

ಕಾರಣಗಳು ಹಲವು ಬೆರೆತಿರುತ್ತವೆ. ವಂಶವಾಹಿಗಳ ಪಾತ್ರವಿದೆ. ಹೊಗೆ ಸೇದುವುದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ. (ಮೂರ್ಛೆರೋಗದ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಮಗು ಬೇಕೆಂದಾಗ ಮೊದಲೇ ವೈದ್ಯರನ್ನು ಕೇಳಬೇಕು.) ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಹೆಚ್ಚಿನ ಮನೆಗಳಲ್ಲಿ, ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ತಾಯಿಯದಂತೂ ತಪ್ಪಲ್ಲ.

ಮಗು ಹುಟ್ಟಿದ ದಿನವೇ ಎದುರಾಗುವ ಮೊದಲ ಕಷ್ಟ ಹಾಲು. ಅಂಗುಳ ಸೀಳಿರುವ ಮಗುವಿಗೆ ಬಾಯೊಳಗೆ ಎಳೆತ ಸಿಗುವುದಿಲ್ಲ. ಮೊಲೆ ಚೀಪಲು ಆಗುವುದಿಲ್ಲ. ಚೀಪಿ ಚೀಪಿ ಸುಸ್ತಾಗಿ ಮಲಗಿಬಿಡುತ್ತದೆ, ತೂಕ ಇಳಿಯುತ್ತದೆ. ಇದಕ್ಕೆ ಪರಿಹಾರ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು: ಒಳಲೆ. ತಾಯಿಯ ಹಾಲನ್ನೇ ಹಿಂಡಿ ತೆಗೆದು, ಮಗುವಿನ ತಲೆ ಎತ್ತರದಲ್ಲಿರುವಂತೆ ಕೂರಿಸಿ ಹಿಡಿದು, ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ನಡುನಡುವೆ ಹೆಗಲಿಗೆ ಹಾಕಿ ತೇಗಿಸಬೇಕು. ಮಲಗಿಸಿ ಕುಡಿಸಬಾರದು. ತೂಕ ಏರಿದರೆ ಮಾತ್ರ ಆಪರೇಷನ್ ಸಮಯಕ್ಕೆ ಆಗುತ್ತದೆ.

ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ. ವೈದ್ಯರಲ್ಲಿ "ಹತ್ತರ ಲೆಕ್ಕ" ಎಂಬ ಹಳೆಯ ರೂಢಿಯೊಂದಿದೆ. ಮಗುವಿಗೆ ಕನಿಷ್ಠ 10 ವಾರ ತುಂಬಿರಬೇಕು, ತೂಕ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಇರಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಅಂಗುಳದ ಆಪರೇಷನ್ ಹೆಚ್ಚಿನ ಕಡೆ 9ರಿಂದ 18 ತಿಂಗಳೊಳಗೆ, ಬಹುಪಾಲು ಒಂದು ವರ್ಷದ ಆಸುಪಾಸಿನಲ್ಲಿ. ಮಗು ಮಾತು ಕಲಿಯುವ ಮೊದಲೇ ಬಾಗಿಲು ಕೂರಿಸಬೇಕು ಎಂಬುದು ಇದರ ಉದ್ದೇಶ. ತಡವಾದರೆ ಮಗು ಬಾಗಿಲಿಲ್ಲದ ಬಾಯಲ್ಲೇ ಮಾತು ಕಲಿಯುತ್ತದೆ. "ಕ" ಬದಲು ಗಂಟಲಲ್ಲಿ ಒಂದು ಶಬ್ದ ಹೊರಡಿಸುತ್ತದೆ. ಆ ರೂಢಿ ಆಮೇಲೆ ಬಾಗಿಲು ಕೂರಿಸಿದರೂ ಹೋಗುವುದಿಲ್ಲ.

ಇಲ್ಲಿಯವರೆಗೆ ಕಥೆ ಸರಳ: ಬೇಗ ಹೊಲಿಸಿ, ಮಾತು ಬರುತ್ತದೆ. ನಾನು ಇಲ್ಲಿಗೇ ನಿಲ್ಲಿಸಿ ಕುಳಿತುಕೊಳ್ಳಬಹುದಿತ್ತು. ಆದರೆ ಹಾಗೆ ಅರ್ಧ ಹೇಳಿದ್ದರಿಂದಲೇ ಮನೆಗಳಲ್ಲಿ ಗೊಂದಲವಾಗುತ್ತಿದೆ.

ಎರಡು ವರ್ಷದ ಹಿಂದೆ ಇದೇ ತಾಲ್ಲೂಕಿನ ಒಬ್ಬ ಹುಡುಗಿಯನ್ನು ಅವಳ ತಾಯಿ ನನ್ನ ಹತ್ತಿರ ಕರೆದುಕೊಂಡು ಬಂದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ; ಹೆಸರು, ಊರು ಹೇಳುವುದಿಲ್ಲ. ಆಗ ಅವಳಿಗೆ 11 ವರ್ಷ. ನಾಲ್ಕನೇ ತಿಂಗಳಲ್ಲಿ ತುಟಿ, ಹನ್ನೊಂದನೇ ತಿಂಗಳಲ್ಲಿ ಅಂಗುಳ, ಎರಡೂ ಸಮಯಕ್ಕೆ ಸರಿಯಾಗಿ ಆಗಿತ್ತು. ಮಾತು ಸ್ಪಷ್ಟ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠದಲ್ಲಿ ಬಹುಮಾನ ತಂದ ಮಗು. ಆದರೆ ಏಳೆಂಟು ವರ್ಷವಾದ ಮೇಲೆ ಮುಖದ ನಡುಭಾಗ ಒಳಗೆ ಹೋದಂತೆ, ಕೆಳದವಡೆ ಮುಂದೆ ಬಂದಂತೆ ಕಾಣತೊಡಗಿತ್ತು. ಬಾಯಿ ಮುಚ್ಚಿದರೆ ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಹಿಂದೆ ಕೂರುತ್ತಿದ್ದವು. ಆಪರೇಷನ್ ಕೆಟ್ಟುಹೋಯಿತು ಎಂದು ತಂದೆ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು. ಅಕ್ಕಪಕ್ಕದವರು, "ಆಪರೇಷನ್ ಮಾಡಿಸಿದ್ದಕ್ಕೇ ಹಿಂಗಾಯ್ತು. ಹಂಗೇ ಬಿಟ್ಟಿದ್ರೆ ದವಡೆಯಾದ್ರೂ ಚೆನ್ನಾಗಿರ್ತಿತ್ತು" ಎನ್ನುತ್ತಿದ್ದರಂತೆ.

ನಿಮಗೆ ಆಶ್ಚರ್ಯವಾಗಬಹುದು, ಅಕ್ಕಪಕ್ಕದವರ ಮಾತಿನಲ್ಲಿ ಅರ್ಧ ಸತ್ಯವಿದೆ.

ಮೇಲ್ದವಡೆ ಹುಟ್ಟಿದಾಗಿನಿಂದ ಹದಿವಯಸ್ಸು ಮುಗಿಯುವವರೆಗೂ ಕೆಳಕ್ಕೆ ಮತ್ತು ಮುಂದಕ್ಕೆ ಬೆಳೆಯುತ್ತಿರುತ್ತದೆ. ಅಂಗುಳದ ಸೀಳು ಮುಚ್ಚಬೇಕಾದರೆ ಎಡಬಲದ ಮಾಂಸದ ಪದರವನ್ನು ಮೂಳೆಯಿಂದ ಬಿಡಿಸಿ ನಡುವಿಗೆ ಎಳೆದು ಹೊಲಿಯುತ್ತಾರೆ. ಪಕ್ಕದಲ್ಲಿ ಬರಿದಾದ ಜಾಗ ಮಾಯುವಾಗ ಗಟ್ಟಿ ಕಲೆಯಾಗುತ್ತದೆ. ಕಲೆ ಎಂದರೆ ಬರಿಯ ಗುರುತಲ್ಲ; ಅದು ಕುಗ್ಗುತ್ತದೆ, ಹಿಗ್ಗುವುದಿಲ್ಲ. ಎಳೆಯ ಸೋರೆಕಾಯಿಯ ನಡುವಿಗೆ ದಾರ ಕಟ್ಟಿ ಬಿಟ್ಟರೆ ಏನಾಗುತ್ತದೆ? ಕಾಯಿ ಬೆಳೆಯುತ್ತದೆ, ದಾರ ಇರುವಲ್ಲಿ ಮಾತ್ರ ಸೊಂಟ ಬೀಳುತ್ತದೆ. ಹಾಗೆ ಕಲೆ ಹಲ್ಲಿನ ಸಾಲನ್ನು ಒಳಕ್ಕೆಳೆಯುತ್ತದೆ, ಮೇಲ್ದವಡೆ ಮುಂದೆ ಬರುವುದನ್ನು ತಡೆಯುತ್ತದೆ. ಕೆಳದವಡೆ ತನ್ನ ಪಾಡಿಗೆ ಬೆಳೆಯುತ್ತದೆ. ಕೆಳದವಡೆ ಮುಂದೆ ಬಂತು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹಿಂದೆ ಉಳಿದದ್ದು ಮೇಲಿನದು.

ಇದನ್ನು ವೈದ್ಯರು ಹೇಗೆ ಕಂಡುಕೊಂಡರು ಎಂಬುದನ್ನು ಹೇಳಲೇಬೇಕು. 1949ರಲ್ಲಿಯೇ ಅಮೆರಿಕದ ಥಾಮಸ್ ಗ್ರೇಬರ್ ಎಂಬ ದಂತವೈದ್ಯರು, ಚಿಕ್ಕಂದಿನಲ್ಲಿ ಮಾಡಿದ ಅಂಗುಳದ ಶಸ್ತ್ರಚಿಕಿತ್ಸೆ ಮೇಲ್ದವಡೆಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ ಎಂದು ಬರೆದರು. ಆಗ ಒಂದು ಪ್ರಶ್ನೆ ಎದ್ದಿತು. ದವಡೆ ಬೆಳೆಯದಿರುವುದು ಹುಟ್ಟಿನ ದೋಷವೋ, ಆಪರೇಷನ್ನಿನ ಫಲವೋ? ಇದಕ್ಕೆ ಉತ್ತರ ಬೇಕಾದರೆ ಆಪರೇಷನ್ ಆಗದೆಯೇ ದೊಡ್ಡವರಾದವರನ್ನು ನೋಡಬೇಕು. ಶ್ರೀಮಂತ ದೇಶಗಳಲ್ಲಿ ಅಂಥವರು ಸಿಗುವುದು ಕಷ್ಟ. ನಮ್ಮ ನೆರೆಯ ಶ್ರೀಲಂಕಾದಲ್ಲಿ ಸಿಕ್ಕರು.

1980ರ ದಶಕದ ಮಧ್ಯದಲ್ಲಿ ಲಂಡನ್ನಿನ ದಂತವೈದ್ಯ ಮೈಕೆಲ್ ಮಾರ್ಸ್ ಮತ್ತು ಅವರ ತಂಡ ದಕ್ಷಿಣ ಶ್ರೀಲಂಕಾದ ಗಾಲೆ ಪಟ್ಟಣಕ್ಕೆ ಹೋಗಿ, ಬಡತನ ಮತ್ತು ದೂರದ ಕಾರಣಕ್ಕೆ ಚಿಕಿತ್ಸೆ ಸಿಗದೆ ಉಳಿದಿದ್ದ ನೂರಾರು ಜನರಿಗೆ ಚಿಕಿತ್ಸೆ ಮಾಡಿತು. ಅವರ ದವಡೆಯ ಅಚ್ಚು, ಎಕ್ಸ್‌ರೇ ತೆಗೆದು ಅಳೆಯಿತು. 1990ರಲ್ಲಿ ಮಾರ್ಸ್ ಮತ್ತು ಹೂಸ್ಟನ್ ಪ್ರಕಟಿಸಿದ ಲೇಖನ ಇಂದಿಗೂ ನಮ್ಮ ವಿದ್ಯಾರ್ಥಿಗಳಿಗೆ ಪಾಠ. ಆಪರೇಷನ್ನೇ ಆಗದ 13 ವರ್ಷ ಮೀರಿದವರ ಮೇಲ್ದವಡೆ ಹೆಚ್ಚುಕಡಿಮೆ ಎಲ್ಲರಂತೆ ಮುಂದಕ್ಕೆ ಬೆಳೆದಿತ್ತು. ತುಟಿ ಮಾತ್ರ ಹೊಲಿದವರಲ್ಲೂ ದವಡೆ ಚೆನ್ನಾಗಿಯೇ ಇತ್ತು, ಮುಂದಿನ ಹಲ್ಲುಗಳು ಸ್ವಲ್ಪ ಒಳಕ್ಕೆ ಬಾಗಿದ್ದವು. ಚಿಕ್ಕಂದಿನಲ್ಲಿ ತುಟಿ, ಅಂಗುಳ ಎರಡೂ ಹೊಲಿಸಿಕೊಂಡವರಲ್ಲೇ ಮೇಲ್ದವಡೆ ಹಿಂದುಳಿದಿತ್ತು.

ನನ್ನ ಗೆಳೆಯನ ಮುಖ ಇದಕ್ಕೆ ನಮ್ಮೂರಿನ ಸಾಕ್ಷಿ. ವೈದ್ಯನಾದ ಮೇಲೆ ಒಮ್ಮೆ ಅವನ ಮುಖದ ಪಕ್ಕದ ಎಕ್ಸ್‌ರೇ ತೆಗೆದೆ. ಮೇಲ್ದವಡೆ ನನ್ನದರಷ್ಟೇ ಮುಂದಿತ್ತು. ದವಡೆ ಚೆನ್ನಾಗಿತ್ತು, ಮಾತು ಇರಲಿಲ್ಲ. ಆ ಹುಡುಗಿಗೆ ಮಾತಿತ್ತು, ದವಡೆ ಹಿಂದುಳಿದಿತ್ತು. ಇವೆರಡರ ನಡುವೆ ಸಿಕ್ಕಿಕೊಂಡದ್ದೇ ಈ ಚಿಕಿತ್ಸೆಯ ಎಪ್ಪತ್ತೈದು ವರ್ಷದ ಚರಿತ್ರೆ.

ಹಾಗಾದರೆ ಅಂಗುಳದ ಆಪರೇಷನ್ ತಡವಾಗಿ ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಶ್ವೆಕೆನ್‌ಡೀಕ್ ಎಂಬ ವೈದ್ಯರು 1940ರ ದಶಕದಿಂದ, ಹಿಂದಿನ ಮೆತ್ತನೆಯ ಅಂಗುಳವನ್ನು ಮಾತ್ರ ಬೇಗ ಹೊಲಿದು, ಮುಂದಿನ ಗಟ್ಟಿ ಅಂಗುಳವನ್ನು ಹನ್ನೆರಡು ವರ್ಷ ದಾಟುವವರೆಗೂ ಪ್ಲೇಟಿನಿಂದ ಮುಚ್ಚಿಡುತ್ತಿದ್ದರು. ದವಡೆಗಳು ಚೆನ್ನಾಗಿ ಬೆಳೆದವು. ಆದರೆ 1984ರಲ್ಲಿ ಹೊರಗಿನ ತಜ್ಞರು ಆ ರೋಗಿಗಳನ್ನು ಪರೀಕ್ಷಿಸಿದಾಗ ಹಲವರ ಮಾತು ತೃಪ್ತಿಕರವಾಗಿರಲಿಲ್ಲ. ಶ್ರೀಲಂಕಾದಲ್ಲಿಯೂ ದೊಡ್ಡವರಾದ ಮೇಲೆ ಅಂಗುಳ ಹೊಲಿಸಿಕೊಂಡವರ ಮಾತು ಹೆಚ್ಚು ಸುಧಾರಿಸಲಿಲ್ಲ.

ತೀರಾ ಇತ್ತೀಚೆಗೆ, 2023ರಲ್ಲಿ, ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅಂಗುಳ ಮಾತ್ರ ಸೀಳಿದ್ದ, ಬೇರೆ ತೊಂದರೆಯಿಲ್ಲದ 558 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 6ನೇ ತಿಂಗಳಲ್ಲಿ, ಇನ್ನೊಂದಕ್ಕೆ 12ನೇ ತಿಂಗಳಲ್ಲಿ ಆಪರೇಷನ್ ಮಾಡಿದರು. ಐದು ವರ್ಷವಾದಾಗ, ಮೂಗಿನ ಬಾಗಿಲು ಸರಿಯಾಗಿ ಮುಚ್ಚದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 8.9, ಎರಡನೆಯದರಲ್ಲಿ ಶೇ. 15. ಮಾತಿನ ದೃಷ್ಟಿಯಿಂದ ಬೇಗ ಮಾಡುವುದೇ ಮೇಲು ಎಂದಾಯಿತು. ಆದರೆ ಅಷ್ಟು ಎಳೆಯ ಶಿಶುವಿಗೆ ಅರಿವಳಿಕೆ ಕೊಡಲು ನುರಿತ ತಂಡ ಬೇಕು. ಮಗುವಿನ ತೂಕ, ಆರೋಗ್ಯ ನೋಡಿ ವೈದ್ಯರೇ ತಿಂಗಳನ್ನು ನಿರ್ಧರಿಸಬೇಕು. ಆ ಮಕ್ಕಳ ದವಡೆ ಏನಾಯಿತು ಎಂದು ಪೂರ್ತಿ ತಿಳಿಯಲು ಅವರು ಇನ್ನೂ ಬೆಳೆಯಬೇಕು.

ಇಷ್ಟೆಲ್ಲ ನೋಡಿದ ಮೇಲೆ ವೈದ್ಯರು ಬಂದು ನಿಂತಿರುವ ಜಾಗ ಇದು: ಮಾತಿಗೆ ಮೊದಲ ಸ್ಥಾನ. ಯಾಕೆಂದರೆ ಹಿಂದುಳಿದ ದವಡೆಯನ್ನು 12ರಲ್ಲೂ, 18ರಲ್ಲೂ ಸರಿಪಡಿಸಬಹುದು. ಮಾತು ಕಲಿಯುವ ವಯಸ್ಸು ಕಳೆದರೆ ಅದನ್ನು ತಿರುಗಿ ತರುವುದು ಬಹಳ ಕಷ್ಟ. ಆದ್ದರಿಂದ ಅಂಗುಳವನ್ನು ಬೇಗ ಹೊಲಿಯುತ್ತೇವೆ, ಸಾಧ್ಯವಾದಷ್ಟು ಕಡಿಮೆ ಮೂಳೆ ಬರಿದಾಗುವಂತೆ ನಾಜೂಕಾಗಿ ಹೊಲಿಯುತ್ತೇವೆ, ಆಮೇಲೆ ದವಡೆಯನ್ನು ಕಾಯುತ್ತೇವೆ. ಕಾಯುವುದೂ ಚಿಕಿತ್ಸೆಯ ಭಾಗವೇ. ಊರಿನಲ್ಲಿ ಮರೆತುಹೋಗುವುದು ಇದೇ.

ಕಾಯುವ ವರ್ಷಗಳಲ್ಲಿ ಏನೇನು ಇದೆ ಎಂದು ವಯಸ್ಸಿನ ಪ್ರಕಾರ ಹೇಳುತ್ತೇನೆ. ಸಂಚಿಕೆಯಲ್ಲಿ ಅಚ್ಚಾದ ಮೇಲೆ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಈ ಪುಟವನ್ನು ಗೋಡೆಗೆ ಅಂಟಿಸಿಕೊಂಡರೆ ನನಗೆ ಸಂತೋಷ.

ಹುಟ್ಟಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ತುಟಿಗೆ ಟೇಪು, ಅಂಗುಳಕ್ಕೆ ಸಣ್ಣ ಪ್ಲೇಟು ಹಾಕುತ್ತೇವೆ. ಮೂಗಿನ ಆಕಾರವನ್ನೂ ತಿದ್ದುವ ಪ್ಲೇಟಿನ ವಿಧಾನವನ್ನು 1993ರಲ್ಲಿ ನ್ಯೂಯಾರ್ಕಿನ ಗ್ರೇಸನ್ ಮತ್ತು ಸಂಗಡಿಗರು ಪ್ರಚಾರಕ್ಕೆ ತಂದರು. ಸೀಳು ಅಗಲವಾಗಿದ್ದರೆ ಇದರಿಂದ ಶಸ್ತ್ರವೈದ್ಯರ ಕೆಲಸ ಹಗುರವಾಗುತ್ತದೆ. ಆದರೆ ಪ್ಲೇಟು ಹಾಕಿದರೆ ಮುಂದೆ ದವಡೆ ಚೆನ್ನಾಗಿ ಬೆಳೆಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನೆದರ್ಲೆಂಡ್ಸ್‌ನ ಮೂರು ಕೇಂದ್ರಗಳಲ್ಲಿ ಬರಿಯ ಅಂಗುಳದ ಪ್ಲೇಟು ಹಾಕಿದ ಮತ್ತು ಹಾಕದ ಶಿಶುಗಳನ್ನು ಹೋಲಿಸಿದಾಗ, ದವಡೆಯಲ್ಲಿ ಉಳಿಯುವಂಥ ಲಾಭ ಕಾಣಲಿಲ್ಲ. ದೂರದ ಹಳ್ಳಿಯಿಂದ ವಾರ ವಾರ ಬರಲಾಗದ ತಾಯಿ ಇದಕ್ಕಾಗಿ ಕೊರಗಬೇಕಿಲ್ಲ.

ಒಂದೂವರೆ ವರ್ಷದಿಂದ ಐದು ವರ್ಷದವರೆಗೆ ಮಾತು ಮತ್ತು ಕಿವಿ. ಅಂಗುಳದ ಸ್ನಾಯುಗಳೇ ಕಿವಿಗೆ ಗಾಳಿ ಹೋಗುವ ನಾಳವನ್ನೂ ತೆರೆಯುತ್ತವೆ. ಅವು ಸರಿಯಾಗಿ ಕೆಲಸ ಮಾಡದಿದ್ದರೆ ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಮಂದವಾಗುತ್ತದೆ. "ಕರೆದರೆ ತಿರುಗುವುದೇ ಇಲ್ಲ, ಹಟಮಾರಿ" ಎನ್ನುವ ಮಗುವಿಗೆ ನಿಜವಾಗಿ ಕೇಳಿಸದೇ ಇರಬಹುದು. ಮಾತು, ಕಿವಿ ಎರಡಕ್ಕೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ.

ಏಳರಿಂದ ಹನ್ನೊಂದು ವರ್ಷ ಬಹಳ ಮುಖ್ಯ. ಅಗತ್ಯವಿದ್ದವರಿಗೆ ಒಳಕ್ಕೆ ಕುಗ್ಗಿದ ಹಲ್ಲಿನ ಸಾಲನ್ನು ಅಗಲ ಮಾಡುತ್ತೇವೆ. ಮುಖದ ಮುಂದೆ ಚೌಕಟ್ಟಿನಂಥ ಸಾಧನ ಕಟ್ಟಿ, ರಬ್ಬರಿನಿಂದ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಚಿಕಿತ್ಸೆಯೂ ಇದೇ ವಯಸ್ಸಿನದು. ಒಸಡಿನಲ್ಲಿ ಸೀಳು ಉಳಿದಿದ್ದರೆ ಸೊಂಟದ ಮೂಳೆಯಿಂದ ಸ್ವಲ್ಪ ಪುಡಿಮೂಳೆ ತೆಗೆದು ಅಲ್ಲಿ ತುಂಬುತ್ತೇವೆ. ಕೋರೆಹಲ್ಲು ಇಳಿಯುವ ಮೊದಲು ಇದನ್ನು ಮಾಡಬೇಕು. ಆಗ ಕೋರೆಹಲ್ಲು ಆ ಹೊಸ ಮೂಳೆಯ ಮೂಲಕವೇ ಇಳಿದು ಬರುತ್ತದೆ. 1950 ಮತ್ತು 60ರ ದಶಕಗಳಲ್ಲಿ ಈ ಮೂಳೆ ತುಂಬುವುದನ್ನೂ ಶಿಶುವಾಗಿದ್ದಾಗಲೇ ಮಾಡುತ್ತಿದ್ದರು. ದವಡೆ ಬೆಳೆಯದಿರುವುದನ್ನು ಕಂಡು ಬಹುಪಾಲು ಕೇಂದ್ರಗಳು ಬಿಟ್ಟವು. ಬೇಗ ಮಾಡುವುದೆಲ್ಲ ಒಳ್ಳೆಯದಲ್ಲ, ತಡವೆಲ್ಲ ನಿರ್ಲಕ್ಷ್ಯವಲ್ಲ. ಒಂದೊಂದಕ್ಕೆ ಒಂದೊಂದು ಹದ. ರೈತರಾದ ನಿಮಗೆ ಹದದ ಬಗ್ಗೆ ನಾನು ಹೇಳಬೇಕಿಲ್ಲ.

ಹನ್ನೆರಡರ ಮೇಲೆ ಹಲ್ಲಿಗೆ ಕ್ಲಿಪ್. ಇಷ್ಟೆಲ್ಲ ಮಾಡಿದ ಮೇಲೂ ದವಡೆ ತುಂಬ ಹಿಂದೆ ಉಳಿದವರಿಗೆ, ಬೆಳವಣಿಗೆ ನಿಂತ ಮೇಲೆ, ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 18 ದಾಟಿದ ಮೇಲೆ, ಮೇಲ್ದವಡೆಯನ್ನು ಬಿಡಿಸಿ ಮುಂದಕ್ಕೆ ತಂದು ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಎಲ್ಲರಿಗೂ ಇದು ಬೇಕಾಗುವುದಿಲ್ಲ.

ಆ ಹುಡುಗಿಯ ತಂದೆಯನ್ನು ಕರೆಸಿ ಇದನ್ನೇ ಹೇಳಿದೆ: "ಯಜಮಾನರೇ, ಆಪರೇಷನ್ ಕೆಟ್ಟಿಲ್ಲ. ಕೆಲಸ ಮುಗಿದಿಲ್ಲ, ಅಷ್ಟೇ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಯಾರೂ ಹಿಂಗಂತ ಹೇಳ್ಲಿಲ್ಲ ಸಾರ್. ಹೊಲಿಗೆ ಬಿಚ್ಚಿ, ಎಲ್ಲ ಆಯ್ತು ಹೋಗಿ ಅಂದ್ರು" ಎಂದರು. ಅದು ನಮ್ಮ, ಅಂದರೆ ವೈದ್ಯರ ತಪ್ಪು. ಅವಳ ಕೋರೆಹಲ್ಲು ಇನ್ನೂ ಇಳಿದಿರಲಿಲ್ಲ. ಹಲ್ಲಿನ ಸಾಲು ಅಗಲಿಸಿ ಮೂಳೆ ತುಂಬಿದ್ದಾಯಿತು. ಹೋದ ತಿಂಗಳು ಕೋರೆಹಲ್ಲಿನ ತುದಿ ಕಾಣಿಸಿದೆ. ಮುಂದೆ ದೊಡ್ಡ ಆಪರೇಷನ್ ಬೇಕಾಗಬಹುದು, ಬೇಕಾಗದೆಯೂ ಇರಬಹುದು. ಈಗ ಅವರಿಗೆ ಭಯವಿಲ್ಲ, ತಾರೀಖು ಗೊತ್ತಿದೆ.

ಇನ್ನು ನಾವು ಮಾಡಬಹುದಾದದ್ದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ತಪಾಸಣೆ ಮಾಡುತ್ತಾರೆ. ಸೀಳುತುಟಿ, ಸೀಳು ಅಂಗುಳ ಆ ಪಟ್ಟಿಯಲ್ಲಿವೆ, ಚಿಕಿತ್ಸೆ ಉಚಿತ. ತಂಡ ಶಾಲೆಗೆ ಬಂದಾಗ, ತುಟಿಯ ಮೇಲೆ ಹಳೆಯ ಹೊಲಿಗೆಯ ಗುರುತಿರುವ ಮಗುವನ್ನು "ಇದಕ್ಕೆ ಆಗಿದೆಯಲ್ಲ" ಎಂದು ಬಿಡಬೇಡಿ. ಅದೇ ಮಗುವನ್ನು ಮುಂದೆ ತಂದು ನಿಲ್ಲಿಸಿ, "ಇವಳ ಹಲ್ಲು, ದವಡೆ, ಕಿವಿ, ಮಾತು ನೋಡಿ" ಎನ್ನಿ.

ಹೆರಿಗೆ ಮಾಡಿಸುವ ಅಕ್ಕಂದಿರಿಗೆ ಒಂದು ಮಾತು. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿದ್ದರೆ ಹೊರಗೆ ಕಾಣುವುದಿಲ್ಲ. ಹುಟ್ಟಿದ ಪ್ರತಿ ಮಗುವಿನ ಬಾಯೊಳಗೆ ಬೆಳಕು ಬಿಟ್ಟು ನೋಡಿ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೋರಿಕೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಸರ್ಕಾರಿ ಬಸ್ಸಿನ ಚಾರ್ಜ್ ಇಲ್ಲ. ಆದರೆ ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಗುತ್ತದೆ. ಹದಿನೆಂಟು ವರ್ಷದಲ್ಲಿ ಅಂಥ ದಿನಗಳು ಎಷ್ಟೋ. ಮಕ್ಕಳು ಚಿಕಿತ್ಸೆ ಬಿಡುವುದು ಇಲ್ಲೇ. ನಮ್ಮ ಶಾಲೆಗೆ ಮಕ್ಕಳು ಬರುವ ಊರುಗಳಲ್ಲಿ ಇಂಥ ಮಕ್ಕಳ ಒಂದು ಪುಸ್ತಕ ಇಡೋಣ. ಮುಂದಿನ ಭೇಟಿಯ ತಾರೀಖು ಬರೆದಿಡೋಣ. ಹಿಂದಿನ ದಿನ ಮನೆಗೆ ಹೋಗಿ ನೆನಪಿಸೋಣ, ಆ ದಿನದ ಕೂಲಿಯನ್ನು ಕೊಡೋಣ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುತ್ತಿದ್ದೇವೆ, ಸಂತೋಷ. ಈ ಪುಸ್ತಕಕ್ಕೆ ಅದಕ್ಕಿಂತ ಕಡಿಮೆ ಖರ್ಚು.

ಕೊನೆಯದಾಗಿ ಗುರುಗಳಿಗೆ. ಸರದಿ ಬಂದಾಗ ಆ ಮಗುವನ್ನು ಬಿಟ್ಟು ಮುಂದೆ ಹೋಗಬೇಡಿ. ಓದಲಿ. ನಿಧಾನವಾಗಲಿ, ಅಕ್ಷರ ತಪ್ಪಲಿ. ನಕ್ಕವರನ್ನು ಮೂಗು ಮುಚ್ಚಿಕೊಂಡು "ಮಾ" ಎನ್ನಲು ಹೇಳಿ, ಅವರಿಗೆ ಅರ್ಥವಾಗುತ್ತದೆ. ನಮ್ಮ ಮೇಷ್ಟ್ರು ಕೆಟ್ಟವರಲ್ಲ. ಕರುಣೆಯಿಂದಲೇ ಹಾಗೆ ಮಾಡಿದರು. ಅವರಿಗೆ ಯಾರೂ ಇದನ್ನೆಲ್ಲ ಹೇಳಿರಲಿಲ್ಲ.

ನನ್ನ ಆ ಗೆಳೆಯ ಇಂದು ಇಲ್ಲೇ ಇದ್ದಾನೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಬಂದು, "ಈಗ ಹೊಲಿಸಿದ್ರೆ ಮಾತು ಸರಿಯಾಗುತ್ತೇನೋ?" ಎಂದು ಕೇಳಿದ. ಸುಳ್ಳು ಹೇಳಲಾಗಲಿಲ್ಲ. "ಊಟ ನೀರು ಮೂಗಿಗೆ ಹೋಗೋದು ನಿಲ್ಲುತ್ತೆ, ಮಾತು ಪೂರ್ತಿ ಬರೋದು ಕಷ್ಟ" ಎಂದೆ. ಆಪರೇಷನ್ ಬೇಡವೆಂದ. ಅಂಗುಳ ಮುಚ್ಚುವ ಒಂದು ಪ್ಲೇಟು ಮಾಡಿಕೊಟ್ಟೆ. ಈಗ ಮದುವೆ ಮನೆಯಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ.

ನಿನ್ನೆ ರಾತ್ರಿ ಅವನ ಮನೆಗೆ ಹೋಗಿ, "ನಾಳೆ ನಿನ್ನ ವಿಷಯ ಹೇಳಲಾ?" ಎಂದು ಕೇಳಿದೆ. ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದೆ, ನಲವತ್ತು ವರ್ಷ ತಡವಾಗಿ. "ಹೆಸರು ಬ್ಯಾಡ ಕಣೋ, ವಿಷ್ಯ ಹೇಳು" ಎಂದ. ಆ ಪುಸ್ತಕ ಇಡುವ ಕೆಲಸ ಯಾರಿಗೆ ಒಪ್ಪಿಸೋಣ ಎಂದು ಕೇಳಿದ್ದಕ್ಕೆ, "ನನ್ಗೆ ಕೊಡು, ನಾನು ಮನೆಮನೆಗೆ ಹೋಗಿ ಹೇಳ್ತೀನಿ" ಎಂದ. ಅವನು ಹೇಳಿದ ಆ ಮಾತಿನಲ್ಲಿ ಕೆಲವು ಅಕ್ಷರಗಳು ಇಂದಿಗೂ ಸರಿಯಾಗಿ ಬರುವುದಿಲ್ಲ. ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು.